ಡ್ರಿಲ್ ಮೇಷ್ಟ್ರು ಹೆಂಡತಿಗೆ ತೋರಿಸಿದ ಫಾಲ್ಸು

ಡ್ರಿಲ್ ಮೇಷ್ಟ್ರು ತೀರಿಕೊಂಡರು ಎಂದು ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಬಂದದ್ದು ನಗು. ಆ ಕಡೆಯವರು ಗಾಬರಿಯಾಗಿ, "ಮೇಡಂ, ಕೇಳಿಸ್ತಾ? ತೀರ್ಕೊಂಡ್ರು ಅಂದೆ" ಎಂದು ಇನ್ನೊಮ್ಮೆ ಜೋರಾಗಿ ಹೇಳಿದರು. ಕೇಳಿಸಿತ್ತು. ಆದರೆ ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಕಣ್ಣ ಮುಂದೆ ಬಂದದ್ದು, ಘಟ್ಟದ ಕಾಡಿನಲ್ಲಿ ಹಗ್ಗದ ತುದಿಯಲ್ಲಿ ಗಿರಗಿರ ತಿರುಗುತ್ತಿದ್ದ ನಮ್ಮ ಹೆಡ್‌ಮಾಸ್ಟರು ಮತ್ತು ಬಂಡೆಯ ಮೇಲಿಂದ ಅವರಿಗೆ "ವಿಶ್ರಾಮ್!" ಎಂದು ಆಜ್ಞೆ ಕೊಡುತ್ತಿದ್ದ ಡ್ರಿಲ್ ಮೇಷ್ಟ್ರು. ಫೋನು ಇಟ್ಟ ಮೇಲೆ ಅಳು ಬಂತು. ಅಳುತ್ತಲೇ ಮತ್ತೆ ನಗು ಬಂತು. ಅಂಥ ಮನುಷ್ಯ ಅವರು, ಸತ್ತಾಗಲೂ ನೆಟ್ಟಗೆ ಅಳಲು ಬಿಡಲಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಹೊಳಲ್ಕೆರೆ ತಾಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋದೆ. ರಾಮಗಿರಿ ಸ್ಟೇಷನ್ನಿಗೆ ನನ್ನನ್ನು ಕರೆದೊಯ್ಯಲು ಬಂದವರು ಇವರು. ಖಾಕಿ ಚಡ್ಡಿ, ಬಿಳಿ ಶರ್ಟು, ಹೆಗಲ ಮೇಲೆ ಕರಿ ಕಂಬಳಿ, ಕುತ್ತಿಗೆಯಲ್ಲಿ ದಾರ ಕಟ್ಟಿದ ವಿಷಲ್. ದೂರದ ಬೋಗಿಯಿಂದ ಇಳಿಯುತ್ತಿದ್ದ ನನ್ನನ್ನು ಕಂಡು, ಇತ್ತ ಬನ್ನಿ ಎನ್ನುವುದಕ್ಕೆ ವಿಷಲ್ ಊದಿಬಿಟ್ಟರು. ಗಾರ್ಡೇ ಊದಿದನೆಂದು ತಿಳಿದ ಡ್ರೈವರು ರೈಲು ಬಿಟ್ಟ. ನನ್ನ ಟ್ರಂಕು ಇನ್ನೂ ಒಳಗೇ ಇತ್ತು. ನಾನು ಅಳುವ ಹಾಗಾದೆ. ಅವರು ಹೋಗುವ ರೈಲನ್ನು ಸಾವಕಾಶವಾಗಿ ನೋಡಿ, "ಅದೇನು ದೊಡ್ಡದಲ್ಲ ಬಿಡ್ರಿ ಟೀಚರಮ್ಮ. ಚಿಕ್ಕಜಾಜೂರಿಗೆ ಹೋಗೇತೆ. ನಾಳೆ ಬರ್ತೈತೆ. ಟ್ರಂಕಿಗೇನು ಕಾಲು ಬಂದಾವಾ?" ಎಂದರು. ಟ್ರಂಕು ನಾಳೆ ಬರಲಿಲ್ಲ, ನಾಡಿದ್ದು ಬಂತು.

ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹಿರೇಗುಂಟನೂರು ಕಡೆಯ ಕುರಿ ಸಾಕುವ ಮನೆತನದವರು. ಆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮುಟ್ಟಿದ ಮೊದಲ ಮನುಷ್ಯ ತಾವೇ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಜಂಬ ಕೊಚ್ಚುವುದು ಅವರಿಗೆ ಊಟ ತಿಂಡಿಯಷ್ಟೇ ಸಹಜ. ಹುಡುಗನಾಗಿದ್ದಾಗ ದುರ್ಗದ ಕೋಟೆಯ ಬಂಡೆಯನ್ನು ಹೆಗಲ ಮೇಲೆ ಟಗರು ಹೊತ್ತುಕೊಂಡು ಬರಿಗಾಲಲ್ಲಿ ಹತ್ತಿದ್ದರಂತೆ. ನಾನು ಮೊದಲ ಸಲ ಕೇಳಿದಾಗ ಅದು ಟಗರು ಮರಿಯಾಗಿತ್ತು. ದಸರೆಯ ಹೊತ್ತಿಗೆ ಕೋಡು ಬಂದ ಟಗರಾಗಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಕೋಣವೇ ಆಗುತ್ತಿತ್ತೇನೋ. ಇನ್ಸ್‌ಪೆಕ್ಟರು ಬಂದ ದಿನ ಮೇಷ್ಟ್ರುಗಳನ್ನೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿದ್ದರು. ಹಿಂದಿ ಪಂಡಿತರ ಪಂಚೆ ಅರ್ಧಕ್ಕೆ ಬಿಚ್ಚಿಕೊಂಡಿತು. ಕೈ ಕೆಳಗಿಳಿಸಲು ಆಜ್ಞೆ ಬಂದಿರಲಿಲ್ಲವಾದ್ದರಿಂದ ಪಂಡಿತರು ಕೈ ಮೇಲೆತ್ತಿಕೊಂಡೇ ನಿಂತಿದ್ದರು.

ಇಂಥವರು ಹೆದರುತ್ತಿದ್ದದ್ದು ಒಬ್ಬರಿಗೇ, ಅವರ ಹೆಂಡತಿಗೆ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹೊಸದುರ್ಗದ ಕಡೆ ಕೆರೆ ಪಕ್ಕದ ಊರಿನವರು. ಹೆಣ್ಣು ನೋಡಲು ಇವರು ಹೋದಾಗ, ಹುಡುಗನ ಹತ್ತಿರ ಏನಾದರೂ ಕೇಳುವುದಿದ್ದರೆ ಕೇಳು ಎಂದು ಹಿರಿಯರು ತಮಾಷೆಗೆ ಅಂದರಂತೆ. ಅಕ್ಕ ಬಾಗಿಲ ಹಿಂದಿನಿಂದ ಕೇಳಿದ್ದು ಒಂದೇ ಮಾತು: "ನಿಮ್ಮೂರ ಬಾವಿ ಎಷ್ಟು ಆಳ ಐತೆ?" ಇವರ ಜಂಬ ಅಲ್ಲಿ ಬಾಯಿ ಮುಚ್ಚಿತು. ಏಕೆಂದರೆ ಇವರೂರಿನ ಬಾವಿಯ ಆಳ ಸುತ್ತಲಿನ ಹಳ್ಳಿಗೆಲ್ಲ ಗೊತ್ತು. ಬಿಂದಿಗೆ ನೀರು ಮುಟ್ಟುವಷ್ಟರಲ್ಲಿ ಸೇದುವವಳ ತೋಳು ಸೋತಿರುತ್ತಿತ್ತು. ಆಳದ ಮಾತು ಮರೆಸಲು ಇವರು, "ಬಾವಿ ಬಿಡ್ರಿ, ಯಾರೂ ಸೇದದಂಗೆ ನೀರು ತಾನೇ ಬೀಳೋ ಜಾಗ ಐತೆ ಘಟ್ಟದಾಗೆ. ಮದುವೆಯಾದ ವರ್ಷವೇ ತೋರಿಸ್ತೀನಿ" ಎಂದುಬಿಟ್ಟರು. ಆ ಒಂದು ಮಾತಿಗೆ ಅಕ್ಕ ಒಪ್ಪಿದ್ದು.

ಮದುವೆಯಾಗಿ ಹದಿನಾರು ವರ್ಷ ಕಳೆದಿತ್ತು. ಒಂದು ವರ್ಷ ಕುರಿಗೆ ರೋಗ, ಒಂದು ವರ್ಷ ಬಾಣಂತನ, ಒಂದು ವರ್ಷ ಇನ್ನೇನೋ. ಅಕ್ಕನ ಕೈಯಲ್ಲಿ ಹಗ್ಗದ ಗೆರೆ ಬಿದ್ದಿತ್ತು, ಫಾಲ್ಸು ಮಾತ್ರ ಕಂಡಿರಲಿಲ್ಲ. ಆ ವರ್ಷ ಅಕ್ಕ ಖಂಡಿತವಾಗಿ ಹೇಳಿದರಂತೆ: "ಈ ದಸರಾ ರಜದಾಗೆ ತೋರಿಸದಿದ್ರೆ, ದೀಪಾವಳಿಗೆ ತವರಿಗೆ ಹೋದೋಳು ತಿರುಗಿ ಬರಾಕಿಲ್ಲ." ಇದು ಬರೀ ಬೆದರಿಕೆಯಲ್ಲ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಹಿಂದೊಮ್ಮೆ, ಸೋರುವ ಹೆಂಚು ಸರಿಮಾಡಿಸುವ ತನಕ ಸಾರು ಮಾಡುವುದಿಲ್ಲ ಎಂದವರು, ಇಡೀ ಮಳೆಗಾಲ ರೊಟ್ಟಿ ಉಚ್ಚೆಳ್ಳು ಪುಡಿಯಲ್ಲೇ ಮುಗಿಸಿದ್ದರು. ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕುಳಿತದ್ದನ್ನು ನಾನು ನೋಡಿದ್ದು ಆ ವಾರ ಮಾತ್ರ.

ಕೊನೆಗೆ ಅವರು ಅದನ್ನು ಸ್ಟಾಫ್ ಪ್ರವಾಸವಾಗಿ ಮಾಡಿದರು. ತಾವೇ ಗೈಡು. "ಘಟ್ಟದ ಕಾಡು ನಂಗೆ ಅಂಗೈ ಇದ್ದಂಗೆ" ಎಂದರು. ಅವರು ಆವರೆಗೆ ಶಿವಮೊಗ್ಗ ದಾಟಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಮೇಷ್ಟ್ರ ಹೆಂಡತಿಯೂ ಬರುತ್ತಾರೆಂದು ತಿಳಿದು ಊರಿನಲ್ಲಿದ್ದ ನನ್ನ ತಂದೆ ಕಾಗದದಲ್ಲಿ ಒಪ್ಪಿಗೆ ಕೊಟ್ಟರು. ಹೆಡ್‌ಮಾಸ್ಟರು ಬಂದರು. ಅವರು ದಪ್ಪಗೆ, ಬೆಳ್ಳಗೆ ಇದ್ದ, ಎಲ್ಲದಕ್ಕೂ "ಇದಕ್ಕೆ ಯಾರ್ರೀ ಜವಾಬ್ದಾರಿ?" ಎಂದು ಕೇಳುವ ಮನುಷ್ಯ. ಹಿಂದಿ ಪಂಡಿತರು ಬಂದರು. ಜೊತೆಗೆ ಮೂವರು ಗಟ್ಟಿಮುಟ್ಟಾದ ಮೇಷ್ಟ್ರುಗಳು. ಡ್ರಿಲ್ ಮೇಷ್ಟ್ರು ಸ್ಕೂಲಿನ ಹಗ್ಗ ಜಗ್ಗಾಟದ ಹಗ್ಗವನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದರು. ಏಕೆಂದು ಕೇಳಿದರೆ, "ಬಿಡುವಾದರೆ ಒಂದು ಆಟ ಜಗ್ಗಾಣ" ಎಂದರು.

ರಾಮಗಿರಿಯಿಂದ ರೈಲು, ಬೀರೂರಿನಲ್ಲಿ ಬದಲಾಯಿಸಿ ಶಿವಮೊಗ್ಗ, ಅಲ್ಲಿ ತಂಗಿ ಬೆಳಗ್ಗೆ ಬಸ್ಸು. ತೀರ್ಥಹಳ್ಳಿ ದಾಟಿ ಘಟ್ಟದ ಅಂಚಿನಲ್ಲಿ ಇಳಿದಾಗ ಕಾಡು ಎಷ್ಟು ದಟ್ಟವಾಗಿತ್ತೆಂದರೆ ಬೆಳಗ್ಗೆಯೇ ಸಂಜೆಯಾದ ಹಾಗಿತ್ತು. ಬಯಲುಸೀಮೆಯ ನಾವು ಬಾಯಿ ತೆರೆದು ನಿಂತೆವು. ಅಲ್ಲಿನ ಕಾಫಿ ಹೋಟೆಲಿನವರು ದಾರಿ ಹೇಳಿದರು: "ಈ ಕಾಲುದಾರಿ ಹಿಡಿದು ಬಲಗಡೆ ಗುಡ್ಡ ಹತ್ತಿ. ಎದುರಿಗೆ ಫಾಲ್ಸ್ ಚೆಂದ ಕಾಣ್ತದೆ. ಹಳ್ಳಕ್ಕೆ ಮಾತ್ರ ಇಳೀಬೇಡಿ ಮಾರಾಯ್ರೆ."

ಸ್ವಲ್ಪ ದೂರ ಹೋದ ಮೇಲೆ ಕಾಲುದಾರಿ ಎರಡಾಯಿತು, ಆಮೇಲೆ ಒಂದೂ ಇಲ್ಲವಾಯಿತು. ಪಕ್ಕದಲ್ಲಿ ಹಳ್ಳದ ಸದ್ದು ಕೇಳುತ್ತಿತ್ತು. ಡ್ರಿಲ್ ಮೇಷ್ಟ್ರು ವಿಷಲ್ ಊದಿ ಎಲ್ಲರನ್ನೂ ನಿಲ್ಲಿಸಿ, "ದಾರಿ ತಪ್ಪಿದಾಗ ಏನು ಮಾಡಬೇಕು? ಹಳ್ಳ ಹಿಡಿಯಬೇಕು" ಎಂದರು. ಅದರಲ್ಲಿ ನಮಗ್ಯಾರಿಗೂ ತಪ್ಪು ಕಾಣಲಿಲ್ಲ. ನಮ್ಮ ಸೀಮೆಯಲ್ಲಿ ಹಳ್ಳವೆಂದರೆ ರಸ್ತೆ. ವರ್ಷದಲ್ಲಿ ಹೆಚ್ಚು ಕಾಲ ಅದರಲ್ಲಿ ಹರಿಯುವುದು ಮರಳು. ಗಾಡಿ ಹೋಗುವುದು, ಕುರಿ ಹೋಗುವುದು, ಸಂತೆಗೆ ಹೋಗುವುದು ಹಳ್ಳದಲ್ಲೇ. ಹಿಡಿದು ನಡೆದರೆ ಕೆರೆ ಸಿಗುತ್ತದೆ, ಏರಿ ಹತ್ತಿದರೆ ಊರು. "ಅಲ್ಲದೆ ನೀರು ಬೀಳಾದು ನೋಡಬೇಕು ಅಂದ್ರೆ ನೀರಿನ ಹಿಂದೆ ಹೋಗಬೇಕೋ, ಎದುರು ಗುಡ್ಡಕ್ಕೆ ಹೋಗಬೇಕೋ?" ಎಂದು ಕೇಳಿದರು. ಹೆಡ್‌ಮಾಸ್ಟರಿಗೂ ಇದು ನ್ಯಾಯವಾಗಿ ಕಂಡಿತು. ನಾವು ಹಳ್ಳಕ್ಕೆ ಇಳಿದೆವು.

ಮೊದಲ ಹೆಜ್ಜೆಗೇ ಡ್ರಿಲ್ ಮೇಷ್ಟ್ರು ಬಿದ್ದರು. ದುರ್ಗದ ಬಂಡೆ ಬಿಸಿಲಿಗೆ ಸುಟ್ಟು ಕಾಲಿಗೆ ಕಚ್ಚಿಕೊಳ್ಳುತ್ತದೆ, ಇಲ್ಲಿನ ಬಂಡೆಗಳಿಗೆ ಪಾಚಿ. "ಬಂಡೆ ಸರಿ ಇಲ್ಲ" ಎಂದು ಎದ್ದರು. ಮತ್ತೆ ಬಿದ್ದರು. ಹಿಂದೆ ಅಕ್ಕ, "ಟಗರು ಹೊತ್ಕಂಡು ಹತ್ತಿದ್ರಿ ಅಂತಿದ್ರಲ್ಲ, ಈಗ ಕಂಬಳಿ ಹೊತ್ಕಂಡು ನಡೆಯಾಕಾಗವಲ್ದಾ?" ಎಂದರು. ಜಿಗಣೆಗಳು ಹತ್ತತೊಡಗಿದವು. ಹಿಂದಿ ಪಂಡಿತರು ಒಂದೊಂದಕ್ಕೂ ಒಂದೊಂದು ದೇವರ ಹೆಸರು ಕೂಗಿದರು. ಅಕ್ಕ ಸೊಂಟದ ಸಂಚಿಯಿಂದ ಹೊಗೆಸೊಪ್ಪು ತೆಗೆದು ನೆನೆಸಿ ಎಲ್ಲರ ಕಾಲಿಗೂ ತಿಕ್ಕಿದರು. ಹೆಡ್‌ಮಾಸ್ಟರ ಕಾಲಿಗೆ ತಿಕ್ಕುವಾಗ ಸೆರಗನ್ನು ಮುಖಕ್ಕೆ ಎಳೆದುಕೊಂಡು ತಿಕ್ಕಿದರು.

ಮುಂದೆ ಒಂದು ನುಣ್ಣನೆಯ ಇಳಿಜಾರು ಬಂಡೆ. ನಿಂತು ಇಳಿಯಲಾಗದೆ ಎಲ್ಲರೂ ಕುಂಡೆಯ ಮೇಲೆ ಕುಳಿತು ಜಾರಿದೆವು. ನನ್ನ ಹೊಸ ನೈಲೆಕ್ಸ್ ಸೀರೆ ಅಲ್ಲೇ ಹರಿಯಿತು. ಕೆಳಗೆ ಬಂದು ತಿರುಗಿ ನೋಡಿದಾಗ, ಆ ಬಂಡೆಯನ್ನು ಮತ್ತೆ ಹತ್ತುವುದು ಹಲ್ಲಿಗೂ ಆಗದ ಮಾತೆಂದು ಎಲ್ಲರಿಗೂ ಹೊಳೆಯಿತು. ಎರಡೂ ಬದಿ ಗೋಡೆಯಂತೆ ಎದ್ದ ದರೆ, ಬಿದಿರು, ಮುಳ್ಳು. ಉಳಿದದ್ದು ಮುಂದಿನ ದಾರಿಯೊಂದೇ. ಅದೂ ಸ್ವಲ್ಪ ದೂರದಲ್ಲಿ ಮುಗಿಯಿತು. ನೀರು ಒಂದು ಅಂಚಿನವರೆಗೆ ಹೋಗಿ, ಅಲ್ಲಿಂದ ಕಾಣದಂತಾಯಿತು. ಕೆಳಗಿನಿಂದ ಭೋರೆಂಬ ಸದ್ದು ಮಾತ್ರ ಬರುತ್ತಿತ್ತು.

ಡ್ರಿಲ್ ಮೇಷ್ಟ್ರು ಎರಡೂ ಕೈ ಚಾಚಿ, "ನೋಡೇ! ಫಾಲ್ಸು!" ಎಂದರು.

ಅಕ್ಕ ಆ ಕಡೆ ಈ ಕಡೆ ನೋಡಿದರು. "ಎಲ್ಲೈತೆ?"

"ನೀನು ನಿಂತಿರಾದೇ ಫಾಲ್ಸು."

"ನಂಗೆ ಕಾಣ್ತಿಲ್ಲ. ಹರಿಯೋ ನೀರು ಕಾಣ್ತೈತೆ. ಇಂಥದ್ದು ಮಳೆಗಾಲದಾಗೆ ನಮ್ಮೂರ ಬೀದಿಯಾಗೂ ಹರಿತೈತೆ." ಅಕ್ಕ ಒದ್ದೆ ಸೆರಗು ಹಿಂಡಿಕೊಂಡು ಬಂಡೆಯ ಮೇಲೆ ಕುಳಿತರು. "ಬೀಳಾದು ತೋರಿಸ್ತೀನಿ ಅಂದಿದ್ರಿ. ಹರಿಯಾದು ತೋರಿಸಿದ್ರಿ. ನಾನು ದೀಪಾವಳಿಗೆ ಹೊಸದುರ್ಗಕ್ಕೆ ಹೋದೆ ಅಂತ ತಿಳ್ಕಳ್ರಿ."

ಮೇಷ್ಟ್ರ ಮುಖ ಸಣ್ಣಗಾದದ್ದು ನೋಡಿ ನನಗೆ ಪಾಪ ಎನಿಸಿತು. ಹೆಡ್‌ಮಾಸ್ಟರು ತಮ್ಮ ಪ್ರಶ್ನೆಯನ್ನು ಆಗಲೇ ಶುರು ಮಾಡಿದ್ದರು. ಮೇಷ್ಟ್ರು ಅಂಚಿಗೆ ಹೋಗಿ, ಬೋರಲು ಮಲಗಿ ಕೆಳಗೆ ಇಣುಕಿದರು. ತೆಂಗಿನ ಮರದಷ್ಟು ಆಳ. ಎದ್ದು ಬಂದಾಗ ಮುಖ ಮತ್ತೆ ಅರಳಿತ್ತು. "ಇದೇನು ದೊಡ್ಡದಲ್ಲ ಬಿಡ್ರಿ. ಇದು ಒಂದು ಕಡೆ ಗೋಡೆ ಇಲ್ಲದ ಬಾವಿ, ಅಷ್ಟೇಯ. ಬಾವಿಗೆ ಜನ ಇಳಿಸಿ ಹೂಳು ಎತ್ತಿಸೋ ಊರಿನೋನು ನಾನು" ಎಂದು ಹಗ್ಗದ ಸುರುಳಿ ಬಿಚ್ಚಿದರು.

ನೀರಿನ ಎಡಬದಿಯಲ್ಲಿ, ಕೆಳಗೆ ಕಾಲೂರಲು ಬಂಡೆಯಿದ್ದ ಕಡೆ, ಅವರು ಒಬ್ಬೊಬ್ಬರನ್ನೇ ಇಳಿಸಲು ನಿಂತರು. ಬಾವಿಗೆ ಇಳಿಯುವವರಿಗೆ ಹಾಕುವಂತೆ ತೊಡೆಗೂ ಸೊಂಟಕ್ಕೂ ಸೇರಿಸಿ ಗಂಟು. ಮೇಲೆ ಹಗ್ಗ ಜಗ್ಗಾಟದ ಪಟುಗಳಂತೆ ಹಿಂದಕ್ಕೆ ವಾಲಿ ಕುಳಿತ ಮೇಷ್ಟ್ರುಗಳು, ಎಲ್ಲರ ಮುಂದೆ ಬಂಡೆಯ ಬಿರುಕಿಗೆ ಹಿಮ್ಮಡಿ ಒದ್ದು ಕುಳಿತ ಇವರು. ಮೊದಲು ಹೆಡ್‌ಮಾಸ್ಟರು. ಭಾರದವರು ಮೊದಲು ಹೋಗಬೇಕು, ಆಗ ಹಿಡಿಯುವ ಕೈ ಹೆಚ್ಚಿರುತ್ತದೆ ಎಂಬುದು ಲೆಕ್ಕ. ಅರ್ಧ ದಾರಿಯಲ್ಲಿ ಹೆಡ್‌ಮಾಸ್ಟರು ಗಿರಗಿರ ತಿರುಗತೊಡಗಿದರು. "ಯಾರ್ರೀ ಜವಾಬ್ದಾರಿ?" ಎಂಬ ಕೂಗು ಒಮ್ಮೆ ಕಾಡಿನ ಕಡೆಯಿಂದ, ಒಮ್ಮೆ ಬಂಡೆಯ ಕಡೆಯಿಂದ ಕೇಳಿಬಂತು. ಮೇಷ್ಟ್ರು ಮೇಲಿಂದ, "ಸಾರ್, ಕೈಕಾಲು ಬಡೀಬ್ಯಾಡ್ರಿ! ವಿಶ್ರಾಮ್!" ಎಂದು ಗುಡುಗಿದರು. ಹೆಡ್‌ಮಾಸ್ಟರು ಗಾಳಿಯಲ್ಲೇ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿದರು. ಅಭ್ಯಾಸ ನೋಡಿ.

ಆಮೇಲೆ ನಾನು, ಆಮೇಲೆ ಅಕ್ಕ, ಕಚ್ಚೆ ಹಾಕಿಕೊಂಡು. ನಾನು ದೇವರನ್ನು ನೆನೆದೆ. ಅಕ್ಕ ಇಳಿಯುವಷ್ಟು ಹೊತ್ತೂ ಗಂಡನಿಗೆ ಬೈದರು. ಬಳಿಕ ಒಬ್ಬೊಬ್ಬರಾಗಿ ಮೇಷ್ಟ್ರುಗಳು. ಎಲ್ಲರಿಗಿಂತ ಹಗುರಾದ ಹಿಂದಿ ಪಂಡಿತರನ್ನು ಕೊನೆಗೆ ಉಳಿಸಿಕೊಂಡು, ಡ್ರಿಲ್ ಮೇಷ್ಟ್ರು ಒಬ್ಬರೇ ಅವರನ್ನು ಇಳಿಸಿದರು. ನಾವು ಕೆಳಗೆ ಚಪ್ಪಾಳೆ ತಟ್ಟಿದೆವು. ಅವರು ಮೇಲೆ ನಿಂತು ಗೆದ್ದವರಂತೆ ಕೈ ಬೀಸಿದರು. ಬೀಸುತ್ತಿದ್ದ ಕೈ ಹಾಗೇ ನಿಂತಿತು.

ಬಾವಿಗೆ ಇಳಿಸುವಾಗ ಇಳಿಸುವವನು ಮೇಲೇ ಉಳಿಯುತ್ತಾನೆ. ಅವನನ್ನು ಇಳಿಸುವವರು ಯಾರೆಂಬ ಪ್ರಶ್ನೆ ನಮ್ಮ ಸೀಮೆಯಲ್ಲಿ ಯಾವತ್ತೂ ಬಂದಿರಲಿಲ್ಲ.

ಹಗ್ಗ ಕಟ್ಟಲು ಮರವೊಂದಿತ್ತು, ಆದರೆ ನೀರಿನ ಬಲಬದಿಯಲ್ಲಿ, ಅಂಚಿನಿಂದ ಸಾಕಷ್ಟು ಹಿಂದೆ. ಆ ಬದಿಯಲ್ಲಿ ಕೆಳಗೆ ಬಂಡೆಯಿಲ್ಲ, ಕಪ್ಪಗೆ ಆಳವಾದ ಮಡು. ಅವರು ಬಹಳ ಹೊತ್ತು ಅಲ್ಲಿ ಇಲ್ಲಿ ಓಡಾಡಿ, ಕೊನೆಗೆ ಆ ಮರಕ್ಕೇ ಹಗ್ಗ ಬಿಗಿದು ಇಳಿಯತೊಡಗಿದರು. ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬರುವಷ್ಟರಲ್ಲಿ ಹಗ್ಗ ಮುಗಿಯಿತು. ಹೆಗಲಲ್ಲಿ ನೆನೆದ ಕಂಬಳಿ, ಬಾಯಲ್ಲಿ ವಿಷಲ್, ಕೈಯಲ್ಲಿ ಹಗ್ಗದ ತುದಿ, ಕೆಳಗೆ ಮಡು. ಹೆಡ್‌ಮಾಸ್ಟರು, "ಮೇಷ್ಟ್ರೇ, ಈಜು ಬರುತ್ತೇನ್ರಿ?" ಎಂದು ಕೂಗಿದರು. ಅವರು ಏನೋ ಹೇಳಿದರು. ನೀರಿನ ಅಬ್ಬರದಲ್ಲಿ ಕೇಳಲಿಲ್ಲ. ಆಮೇಲೆ ಕೈ ಬಿಟ್ಟರು.

ಮಡುವಿನಲ್ಲಿ ಮುಳುಗಿದವರು ಮೇಲೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲೆ ಬಂದದ್ದು ಕರಿ ಕಂಬಳಿ, ಅದೊಂದೇ. ಅದನ್ನು ಕಂಡು ಹಿಂದಿ ಪಂಡಿತರು ಜೋರಾಗಿ ಅತ್ತರು. ನನ್ನ ಪಕ್ಕದಲ್ಲಿದ್ದ ಅಕ್ಕ ನನಗೆ ಗೊತ್ತಾಗುವ ಮೊದಲೇ ಹಾರಿದ್ದರು. ಮಡುವಿನ ನಡುವೆ ನೀರು ಕುದಿದಂತೆ ಆಯಿತು. ಒಂದು ಕೈ, ಒಂದು ಕಾಲು, ಸೀರೆಯ ಸೆರಗು. ಆಮೇಲೆ ಎರಡು ತಲೆ ಒಟ್ಟಿಗೇ ಎದ್ದವು. ಅಕ್ಕನ ಮುಷ್ಟಿಯಲ್ಲಿ ಗಂಡನ ಜುಟ್ಟು. ಹಾಗೇ ಹಿಡಿದುಕೊಂಡು ದಡದ ಹತ್ತಿರ ಬಂದರು, ನಾವು ಇಬ್ಬರನ್ನೂ ಎಳೆದುಕೊಂಡೆವು. ಹೆಡ್‌ಮಾಸ್ಟರು ಅಕ್ಕನಿಗೆ ಕೈಮುಗಿದು, "ತಾಯೀ, ನೀವಿಲ್ಲದಿದ್ದರೆ ಇವತ್ತು ಏನು ಗತಿಯಾಗುತ್ತಿತ್ತು!" ಎಂದರು.

ಡ್ರಿಲ್ ಮೇಷ್ಟ್ರು ಕೆಮ್ಮುತ್ತಾ ಬಂಡೆಯ ಮೇಲೆ ಎದ್ದು ಕುಳಿತವರೇ ಕೇಳಿದ್ದು, "ನೋಡ್ದಾ?"

"ಏನ?"

"ಫಾಲ್ಸು."

"ನೀವು ಬೀಳಾದು ನೋಡ್ತಿದ್ದೆ. ಫಾಲ್ಸು ಯಾವಾಗ ನೋಡ್ಲಿ?"

"ಈಗ ನೋಡು ಮತ್ತೆ."

ಅಕ್ಕ ತಿರುಗಿ ತಲೆ ಎತ್ತಿದರು. ಅಷ್ಟೆತ್ತರದಿಂದ ಬೆಳ್ಳಗೆ ನೀರು ಬೀಳುತ್ತಲೇ ಇತ್ತು. ನಾವೂ ಆಗಲೇ ಅದನ್ನು ಸರಿಯಾಗಿ ನೋಡಿದ್ದು. ಅಕ್ಕ ಮೇಲಿನ ಅಂಚಿನಿಂದ ಮಡುವಿನವರೆಗೆ ಕಣ್ಣು ಹಾಯಿಸಿದರು. ಆಮೇಲೆ ಮೆಲ್ಲಗೆ, "ರಾತ್ರಿಯೂ ಬೀಳ್ತೈತಾ?" ಎಂದರು.

"ರಾತ್ರಿಯೂ ಬೀಳ್ತೈತೆ."

"ನಾವು ಊರಿಗೆ ಹೋದ ಮೇಲೂ?"

"ಹೂಂ."

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ನನಗೂ ತಡೆಯಲಾಗಲಿಲ್ಲ. ಹೋಟೆಲಿನವರು ಹೇಳಿದ್ದ ಕಾಲುದಾರಿ ಅಲ್ಲೇ ಕೆಳಗೆ ಹಾದುಹೋಗಿತ್ತು. ಸಂಜೆಗೆ ರಸ್ತೆ ಸೇರಿದೆವು. ದಾರಿಯುದ್ದಕ್ಕೂ ಹೆಡ್‌ಮಾಸ್ಟರು ಮರದಲ್ಲೇ ಉಳಿದ ಸ್ಕೂಲಿನ ಹಗ್ಗಕ್ಕೆ ಯಾರು ಜವಾಬ್ದಾರಿ ಎಂದು ಕೇಳುತ್ತಿದ್ದರು. ದೀಪಾವಳಿಗೆ ಅಕ್ಕ ತವರಿಗೆ ಹೋದರು, ನಾಲ್ಕು ದಿನ ಇದ್ದು ಬಂದರು.

ಅಂದಿನಿಂದ ಆ ಕತೆಯನ್ನು ಡ್ರಿಲ್ ಮೇಷ್ಟ್ರು ಎಷ್ಟು ಸಲ ಹೇಳಿದರೋ. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಹಿರಿಯೂರಿನ ಕ್ರೀಡಾಕೂಟದಲ್ಲಿ ಬೇರೆ ಸ್ಕೂಲಿನ ಮೇಷ್ಟ್ರುಗಳನ್ನು ಕೂರಿಸಿಕೊಂಡು. ಅವರ ಕತೆಗಳಲ್ಲೆಲ್ಲ ಗೆಲ್ಲುವವರು ಅವರೇ. ತಾವು ಸೋತ ಕತೆ ಅವರ ಬಾಯಲ್ಲಿ ಬಂದದ್ದು ಇದೊಂದೇ. "ನಾನು ಸತ್ತೇ ಹೋಗಿದ್ದೆ. ನನ್ನ ಹೆಂಡ್ತಿ ಹಾರಿ ಜುಟ್ಟು ಹಿಡಿದು ಎಳೆದ್ಲು. ನೋಡ್ರಿ ಇಲ್ಲಿ" ಎಂದು ತಲೆ ಬಗ್ಗಿಸಿ ಬೋಳಾದ ಜಾಗ ತೋರಿಸುತ್ತಿದ್ದರು. ವಯಸ್ಸಾದಂತೆ ಆ ಜಾಗ ದೊಡ್ಡದಾಯಿತು, ಅದೂ ಅಕ್ಕನ ಕೈಯ ಗುರುತೇ ಆಯಿತು. ಆ ಸೀಮೆಯಲ್ಲಿ ಅಕ್ಕನಿಗೆ ಒಂದು ಮರ್ಯಾದೆ ಬಂತು. ಬಾವಿಯ ಹತ್ತಿರ ಹೆಂಗಸರು ಅವರಿಗೆ ಮೊದಲು ಸೇದಲು ದಾರಿ ಬಿಡುತ್ತಿದ್ದರಂತೆ.

ಮೊನ್ನೆ ಅಕ್ಕನನ್ನು ಮಾತಾಡಿಸಿ ಬರಲು ಅವರ ಊರಿಗೆ ಹೋದೆ. ಕಿವಿ ಸ್ವಲ್ಪ ಮಂದವಾಗಿದೆ, ಮಾತು ಹಾಗೇ ಇದೆ. ಹೇಳುವ ಸಮಾಧಾನವೆಲ್ಲ ಹೇಳಿದ ಮೇಲೆ ನಾನು, "ಅಕ್ಕ, ಆವತ್ತು ಮಡುವಿನಿಂದ ನೀವು ಎಳೆದು ತರದಿದ್ದರೆ ಮೇಷ್ಟ್ರು ಇಷ್ಟು ವರ್ಷ ಎಲ್ಲಿರುತ್ತಿದ್ದರು" ಎಂದೆ.

ಅಕ್ಕ ನನ್ನನ್ನೇ ನೋಡಿದರು. "ನೀನೂ ಅದನ್ನೇ ನಂಬ್ಕಂಡಿದೀಯಾ? ಕುರಿ ತೊಳೆಯೋ ಮನೆಯೋರವ್ವ ಅವರು. ಉಣ್ಣೆ ಕತ್ತರಿಸಾಕೆ ಮುಂಚೆ ಹಿಂಡಿಗೆ ಹಿಂಡೇ ಕೆರೇಲಿ ಈಜಿಸ್ತಿದ್ರು. ಅವರಿಗೆ ಈಜು ಬರದಿರ್ತೈತಾ? ಕಂಬಳಿ ಬಿಡಿಸ್ಕಣಾಕೆ ಹೊತ್ತಾತು, ಅಷ್ಟೇಯ. ಈಜು ಬರದಿದ್ದೋಳು ನಾನು."

ನಾನು ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ: "ಮತ್ತೆ ಹಾರಿದಿರಿ?"

"ಕಂಬಳಿ ಒಂದೇ ತೇಲಿ ಬಂತಲ್ಲ, ಇನ್ನೇನು ಮಾಡ್ಲಿ? ಈಜು ಬರಾಕಿಲ್ಲ ಅಂತ ನೆಪ್ಪಾಗಿದ್ದು ನೀರಿಗೆ ಬಿದ್ದ ಮ್ಯಾಲೆ. ಮುಳುಗ್ತಾ ಇದ್ದೆ. ಸೊಂಟಕ್ಕೆ ಕೈ ಹಾಕಿ ಎತ್ತಿದ್ರು. ನಾನು ಹೆದರಿ ಅವರ ಕುತ್ತಿಗೆ ತಬ್ಬಿದೆ. ಕಿವಿಯಾಗೆ ಬೈದ್ರು." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "'ಲೇ, ಕುತ್ತಿಗೆ ಬಿಡು, ಜುಟ್ಟು ಹಿಡ್ಕ. ಎಲ್ಲಾರೂ ನೋಡ್ತಾವ್ರೆ' ಅಂದ್ರು."